ಚಂದ್ರಯ್ಯನ ವಿಭೂತಿಯೂ ಡೈರಿಯ ಮುಖ ಮಿಷನ್ನೂ

ಬಿಲ್ಲೇಕೊಪ್ಪಲಿನ ಹಾಲಿನ ಡೈರಿಯ ಸೆಕ್ರೆಟರಿ ಚಂದ್ರಯ್ಯ ಹಾಸನಕ್ಕೆ ಹೋಗಿ ಒಂದು ದಿನದ ಕಂಪ್ಯೂಟರ್ ತರಬೇತಿ ಮುಗಿಸಿಕೊಂಡು ಬಂದವನು ಮತ್ತೆ ಮೊದಲಿನ ಚಂದ್ರಯ್ಯ ಆಗಲೇ ಇಲ್ಲ. ಒಂದು ದಿನ ಎಂದರೆ ಅರ್ಧ ದಿನ ಪಾಠ, ಉಳಿದರ್ಧ ದಿನ ಊಟದ ಸಾಲು. ಆ ಅರ್ಧದಲ್ಲೂ ನಡುವೆ ಕರೆಂಟು ಹೋಗಿತ್ತು. ಆದರೂ ಮಹಾರಾಯ ಬರಿಗೈಯಲ್ಲಿ ಬರಲಿಲ್ಲ. ‘ಸರ್ವರ್ ಡೌನ್’, ‘ಅಪ್‌ಡೇಟ್’ ಎಂಬ ಎರಡು ಮಾತುಗಳನ್ನು ಭದ್ರವಾಗಿ ಹಿಡಿದು ತಂದ. ಆಮೇಲೆ ಊರಿನಲ್ಲಿ ಏನು ಕೆಟ್ಟರೂ ಈ ಎರಡರಲ್ಲಿ ಒಂದನ್ನು ಹೇಳಿ ಬಗೆಹರಿಸುವುದು ಅವನ ಕೆಲಸವಾಯಿತು.

ಮನೆಯಲ್ಲಿ ಮುದ್ದೆ ತಡವಾದರೂ ಬಿಡುತ್ತಿರಲಿಲ್ಲ. "ಏನೇ ಶಾಂತಾ, ಸರ್ವರ್ ಡೌನಾ?" ಎಂದು ನಡುಮನೆಯಿಂದ ಕೂಗುತ್ತಿದ್ದ.

"ಗ್ಯಾಸ್ ಮುಗಿದದೆ. ಸಿಲಿಂಡರ್ ತಂದು ಅಪ್‌ಡೇಟ್ ಮಾಡಿ," ಎಂದು ಹೆಂಡತಿ ಶಾಂತಕುಮಾರಿ ಒಳಗಿಂದ ಹೇಳುತ್ತಿದ್ದಳು. ಆಕೆ ಯಾವ ತರಬೇತಿಗೂ ಹೋದವಳಲ್ಲ.

ಹೀಗಿರುವಾಗ ಡೈರಿಗೆ ಮುಖ ನೋಡುವ ಮಿಷನ್ನು ಬಂತು. ಹಾಲು ಹಾಕುವವರು ಅದರ ಮುಂದೆ ನಿಲ್ಲಬೇಕು, ಅದು ಮುಖ ನೋಡಿ ಇಂಥವರು ಎಂದು ಹೇಳಬೇಕು, ಆಮೇಲೆ ಹಾಲು ಅಳೆಯಬೇಕು. ತಯಾರಿಸಿದವರು ಬೆಂಗಳೂರಿನ ‘ಫೇಸ್‌ಮಿತ್ರ’ ಕಂಪನಿಯವರು. ಗೋಡೆಗೆ ಮೊಳೆ ಹೊಡೆದು ಕೂರಿಸಿ ಹೋದ ಮಾರನೆಯ ದಿನವೇ ಆಯುಧಪೂಜೆ. ಚಂದ್ರಯ್ಯ ಬಿಡುವವನೇ? ತೂಕದ ತಕ್ಕಡಿ, ಹಾಲಿನ ಕ್ಯಾನು, ಫ್ಯಾಟ್ ನೋಡುವ ಮಿಷನ್ನು ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟ. ಹೊಸ ಅತಿಥಿಗೆ ಮಾತ್ರ ವಿಶೇಷ ಮರ್ಯಾದೆ. ಮೂರು ಬೆರಳನ್ನೂ ವಿಭೂತಿಯಲ್ಲಿ ಚೆನ್ನಾಗಿ ಅದ್ದಿ, ಅದರ ಹಣೆ ಎಲ್ಲಿದೆ ಎಂದು ಒಂದು ಗಳಿಗೆ ಯೋಚಿಸಿ, ಎತ್ತರದಲ್ಲಿ ಮಿರಮಿರ ಹೊಳೆಯುತ್ತಿದ್ದ ಗಾಜಿನ ಮೇಲೆ ಮೂರು ಪಟ್ಟೆ ಎಳೆದ. ಅದು ಕ್ಯಾಮೆರಾದ ಕಣ್ಣು ಎಂದು ತರಬೇತಿಯಲ್ಲಿ ಹೇಳಿದ್ದರೋ ಏನೋ. ಹೇಳುವಾಗ ಕರೆಂಟು ಇರಲಿಲ್ಲ.

ವಿಜಯದಶಮಿಯ ದಿನ ಕಂಪನಿಯಿಂದ ರಜನೀಶ್ ಎಂಬ ಹುಡುಗ ಬಂದ. ಊರವರ ಮುಖಗಳನ್ನೆಲ್ಲ ಮಿಷನ್ನಿಗೆ ಪರಿಚಯ ಮಾಡಿಸುವುದು ಅವನ ಕೆಲಸ. ಅವನು ಅದೇ ದಿನ ಹೊಳೆನರಸೀಪುರದ ಕಡೆಗೂ ಅರಕಲಗೂಡಿನ ಕಡೆಗೂ ಹೋಗಬೇಕಿತ್ತು. ಕಂಪನಿಯವರು ಅವನಿಗೆ ಊಟಕ್ಕೆ ಸಮಯ ಕೊಟ್ಟಿರಲಿಲ್ಲ, ಟಾರ್ಗೆಟ್ ಕೊಟ್ಟಿದ್ದರು.

"ಸರ್, ಗ್ಲಾಸ್ ಮೇಲೆ ಏನೋ ಇದೆ. ಒರೆಸ್ಲಾ?" ಎಂದ.

"ಪೂಜೆ ಆಗಿದ್ದನ್ನ ಒರೆಸ್ತಾರೇನ್ರೀ?" ಚಂದ್ರಯ್ಯ ಹೌಹಾರಿದ. "ಅದು ತಾನಾಗೇ ಉದುರಬೇಕು. ಕೈಯಾರೆ ಒರೆಸಿದ್ರೆ ಡೈರಿಗೆ ಒಳ್ಳೇದಲ್ಲ."

ರಜನೀಶ್ ಗಡಿಯಾರ ನೋಡಿಕೊಂಡ. "ಹೋಗ್ಲಿ ಬಿಡಿ ಸರ್. ನಮ್ಮದು ಎಐ ಸಾಫ್ಟ್‌ವೇರ್. ಇದನ್ನೆಲ್ಲ ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ."

ಸಾಫ್ಟ್‌ವೇರ್ ಅಡ್ಜಸ್ಟ್ ಮಾಡಿಕೊಂಡಿತು. ಬಿಲ್ಲೇಕೊಪ್ಪಲಿನಲ್ಲಿ ಹುಟ್ಟಿದ ಗಂಡಸು ಹೆಂಗಸು ಎಲ್ಲರ ಮುಖಕ್ಕೂ ಮೂರು ಬಿಳಿ ಪಟ್ಟೆ ಇರುತ್ತದೆ ಎಂದು ತಿಳಿದುಕೊಂಡು ಸುಮ್ಮನಾಯಿತು. ಪ್ರತಿಯೊಬ್ಬರೂ ಬಂದು ನಿಂತಾಗ ಹೆಣ್ಣು ದನಿಯಲ್ಲಿ "ಧನ್ಯವಾದಗಳು, ನಿಮ್ಮ ಪರಿಚಯವಾಯಿತು" ಎಂದಿತು. ಜನ ಹಿಗ್ಗಿದರು. ಕೆಂಪಣ್ಣನಂತೂ ಅದಕ್ಕೆ ತಿರುಗಿ ಕೈಮುಗಿದ.

ದೀಪಾವಳಿ ಮುಗಿಯುವವರೆಗೂ ಯಾವ ತೊಂದರೆಯೂ ಇರಲಿಲ್ಲ. ಆಗ ಹಾಸನದ ಹಾಲು ಒಕ್ಕೂಟದಿಂದ ಮೇಲ್ವಿಚಾರಣೆಯ ಸಾಹೇಬರು ಶಾಂತರಾಜು ಬಂದರು. ಅವರಿಗೆ ಸ್ವಚ್ಛತೆಯ ಹುಚ್ಚು. ಡೈರಿಯ ಬಾಗಿಲು, ಕಿಟಕಿ, ಚಂದ್ರಯ್ಯನ ಉಗುರು ಎಲ್ಲ ನೋಡಿ ಕೊನೆಗೆ ಮಿಷನ್ನಿನ ಮುಂದೆ ನಿಂತರು.

"ಏನ್ರೀ ಇದು ಗಲೀಜು?" ಎಂದವರೇ ಚಂದ್ರಯ್ಯ ಬಾಯಿ ತೆಗೆಯುವುದರೊಳಗೆ ಸ್ವಂತ ಕರ್ಚೀಫಿನಿಂದ ಗಾಜನ್ನು ಫಳಫಳ ಒರೆಸಿಬಿಟ್ಟರು. ಹೋಗುವಾಗ ಇನ್ನೊಂದು ಮಾತು ಹೇಳಿದರು. "ಮಿಷನ್ ಗುರುತಿಸದೇ ಇರೋರ ಹಾಲು ತಗೋಬೇಡಿ. ಹಾಜರಿ ಕಮ್ಮಿ ಆದ ಡೈರೀನೆಲ್ಲ ಮುಚ್ಚಿ ದೊಡ್ಡ ಡೈರಿಗೆ ಸೇರಿಸ್ತಾ ಇದ್ದಾರೆ. ನಿಮ್ಮದು ಚಿಕ್ಕದು. ಮುಚ್ಚಿದ್ರೆ ಶಾಂತಿಗ್ರಾಮಕ್ಕೇ ಹೋಗಬೇಕು, ಹುಷಾರು."

ಶಾಂತಿಗ್ರಾಮ ಬೈಕಿದ್ದವರಿಗೆ ದೂರವಲ್ಲ. ಆದರೆ ಬಿಲ್ಲೇಕೊಪ್ಪಲಿನಲ್ಲಿ ಬೈಕಿಲ್ಲದವರೂ ಇದ್ದರು. ಅವರಲ್ಲಿ ಮೊದಲನೆಯವಳು ಜಯಲಕ್ಷ್ಮಮ್ಮ. ಗಂಡ ತೀರಿಕೊಂಡ ಮೇಲೆ ಒಂದು ಹಸು ಕಟ್ಟಿಕೊಂಡು ಅದರ ಹಾಲಿನಲ್ಲೇ ಸಂಸಾರ ತೂಗಿಸಿದವಳು. ಮಂಡಿ ಹಿಡಿದುಕೊಂಡಿತ್ತು. ಮನೆಯಿಂದ ಡೈರಿಗೆ ಬರುವಷ್ಟರಲ್ಲಿ ದಾರಿಯ ಪ್ರತಿ ಜಗಲಿಯಲ್ಲೂ ಕೂತು ಏಳುತ್ತಿದ್ದಳು. ಇವಳು ಹಾಲಿನ ಕ್ಯಾನು ಹೊತ್ತು ಶಾಂತಿಗ್ರಾಮಕ್ಕೆ ನಡೆಯುವುದು ಆಗದ ಮಾತು.

ಮಾರನೆಯ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವಳೂ ಅವಳೇ.

"ಕ್ಷಮಿಸಿ, ನಿಮ್ಮ ಪರಿಚಯವಿಲ್ಲ," ಎಂದಿತು ಮಿಷನ್ನು.

ಜಯಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಯಾರ್ಲಾ ಅವ್ಳು ಒಳಗೆ? ನನ್ ಪರಿಚಯ ಇಲ್ವಂತಾ? ಈ ಡೈರಿ ಸುರು ಆದ ದಿನ ಮೊದ್ಲ ಆಲು ಆಕಿದ್ದು ನಾನು ಕಣ್ಲಾ ಚಂದ್ರಯ್ಯ! ಆಗ ಇವ್ಳು ಉಟ್ಟಿದ್ಲಾ?"

"ಸರ್ವರ್ ಡೌನ್ ಜಯಕ್ಕ," ಎಂದ ಚಂದ್ರಯ್ಯ.

ಕೆಂಪಣ್ಣ ಬಂದು ನಿಂತ. ಪರಿಚಯವಿಲ್ಲ. ಟೀ ಅಂಗಡಿಯ ಸಿದ್ದೇಶ ಬಂದು ನಿಂತ. ಪರಿಚಯವಿಲ್ಲ. ಸಾಲಿನಲ್ಲಿದ್ದ ಒಬ್ಬರ ಪರಿಚಯವೂ ಇಲ್ಲ. ಕೊನೆಗೆ ಎಲ್ಲರೂ ಸೇರಿ ಚಂದ್ರಯ್ಯನನ್ನೇ ಮುಂದೆ ತಳ್ಳಿದರು. ದಿನಾ ಸ್ನಾನ ಮುಗಿಸಿ ಹಣೆ ತುಂಬ ವಿಭೂತಿ ಬಳಿದುಕೊಳ್ಳದೆ ಹೊಸಿಲು ದಾಟದ ಮನುಷ್ಯ ಅವನು.

"ನಮಸ್ಕಾರ ಚಂದ್ರಯ್ಯನವರೇ, ಸ್ವಾಗತ," ಎಂದಿತು ಮಿಷನ್ನು.

ಇಲ್ಲೇ ಚಂದ್ರಯ್ಯ ಕೆಟ್ಟದ್ದು. ಆ ಕ್ಷಣದಲ್ಲಿ ಬೇರೆ ಯಾರಾದರೂ ಆಗಿದ್ದರೆ ‘ಇದೇನೋ ಎಡವಟ್ಟು’ ಎಂದು ಯೋಚಿಸುತ್ತಿದ್ದರು. ಅವನು ಎದೆ ಉಬ್ಬಿಸಿ ಮೀಸೆಯ ಮೇಲೆ ಕೈಯಾಡಿಸಿದ. "ತರಬೇತಿ ತಗೊಂಡೋರಿಗೂ ತಗೊಳ್ದೇ ಇರೋರಿಗೂ ಇಷ್ಟು ವ್ಯತ್ಯಾಸ ಇರ್ತದೆ," ಎಂದುಬಿಟ್ಟ.

ಅಷ್ಟು ಸಾಕಾಯಿತು. ಚಂದ್ರಯ್ಯ ಕಂಪನಿಯವರ ಜೊತೆ ಸೇರಿಕೊಂಡು ಮಿಷನ್ನಿಗೆ ಏನೋ ಮಾಡಿಸಿದ್ದಾನೆ ಎಂದು ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿಯಾಯಿತು. ಡೈರಿಯ ಎದುರಿನ ಸಿದ್ದೇಶನ ಟೀ ಅಂಗಡಿಯಲ್ಲಿ ಮಹಾಸಭೆ ನೆರೆಯಿತು.

"ಈ ಕಂಪನಿಯೋರ ಆಟ ನಂಗೊತ್ತಿಲ್ವಾ?" ಕೆಂಪಣ್ಣ ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಶುರು ಮಾಡಿದ. ಅವನ ಪಂಪ್‌ಸೆಟ್ಟು, ಟಿವಿ, ಫೋನು ಮೂರೂ ಕೆಟ್ಟಿದ್ದವು. ಹಾಗಾಗಿ ತಂತ್ರಜ್ಞಾನದ ಬಗ್ಗೆ ಅವನ ಮಾತಿಗೆ ಬೆಲೆಯಿತ್ತು. "ಫೋನ್ ತಗಂಡಾಗ ಕುದ್ರೆ ಓಡ್ದಂಗೆ ಓಡ್ತದೆ. ಆಮೇಲೆ ಅಪ್‌ಡೇಟ್ ಮಾಡು ಅಂತದೆ. ಮಾಡ್ದೆ ಅನ್ಕೋ, ಮುದಿ ಎಮ್ಮೆ ಆಗೋಯ್ತದೆ! ಯಾಕೇಳು? ನಾವು ಒಸದು ತಗಳ್ಳಿ ಅಂತ!"

"ಅಷ್ಟೇ ಅಲ್ಲ ಕಣಣ್ಣ, ಕದ್ದು ಕೇಳ್ತದೆ," ಎಂದ ಸಿದ್ದೇಶ ಟೀ ಸೋಸುತ್ತ. "ಮೊನ್ನೆ ಸೊಂಟ ನೋಯ್ತದೆ ಅಂತ ನಮ್ಮೋಳ್ತವ ಅಂದೆ. ಬೆಳಗಾಗೆದ್ದು ನೋಡ್ತೀನಿ, ಫೋನಲ್ಲಿ ಬರೀ ಎಣ್ಣೆ ಜಾಹೀರಾತು."

"ನಿನ್ನೆಂಡ್ತಿ ಏನಂದ್ಲು?"

"ಅವ್ಳಿಗೆ ಕೇಳಿಸ್ನೇ ಇಲ್ಲ. ಫೋನ್ಗೆ ಮಾತ್ರ ಕೇಳುಸ್ತು."

ಎಲ್ಲರೂ ನಕ್ಕರು. ಚಂದ್ರಯ್ಯ ಮಾತ್ರ ನಗಲಿಲ್ಲ. ರಸ್ತೆಯಾಚೆಯ ಡೈರಿಯಲ್ಲಿ ಫೋನನ್ನು ಕಿವಿಗೊತ್ತಿಕೊಂಡು ಕಂಪನಿಯ ಸಹಾಯವಾಣಿಯೊಡನೆ ಗುದ್ದಾಡುತ್ತಿದ್ದ. ಒಂದನ್ನು ಒತ್ತಿ ಎಂದರು, ಒತ್ತಿದ. ನಾಲ್ಕನ್ನು ಒತ್ತಿ ಎಂದರು, ಒತ್ತಿದ. ಫೋನು ಸುಮಾರು ಹೊತ್ತು ವೀಣೆ ನುಡಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು.

"ಸರ್, ನಮ್ಮ ಸಿಸ್ಟಮ್ ಚೆನ್ನಾಗೇ ಇದೆ. ನಿಮ್ಮ ರೈತರ ಮುಖದಲ್ಲಿ ಏನಾದ್ರೂ ಬದಲಾವಣೆ ಆಗಿದೆಯಾ?"

"ಇಡೀ ಊರಿಗೆ ಒಂದೇ ಸಲಕ್ಕೆ ಮುಖ ಬದಲಾಗ್ತದೇನಮ್ಮಾ?"

"ಹಾಗಿದ್ರೆ ದೂರು ದಾಖಲಾಗಿದೆ ಸರ್. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ?"

"ಆಕಾಶದಾಗೆ ಬೇಕಾದಷ್ಟವೆ, ನೀವೇ ಎಣಿಸ್ಕೊಳ್ಳಿ!" ಎಂದು ಚಂದ್ರಯ್ಯ ಫೋನು ಕುಕ್ಕಿದ.

ಗುಟ್ಟು ಬಿಡಿಸಿದವಳು ಶಾಂತಕುಮಾರಿ. ಅವಳೂ ಡೈರಿಯ ಸದಸ್ಯೆ, ಅವಳ ಪರಿಚಯವೂ ಮಿಷನ್ನಿಗೆ ಇರಲಿಲ್ಲ. ಮಾರನೆಯ ದಿನ ಕಾರ್ತಿಕದ ಮೊದಲ ಸೋಮವಾರ. ಈಶ್ವರನ ಗುಡಿಯಿಂದ ನೇರವಾಗಿ, ಹಣೆಗೆ ಹಚ್ಚಿದ್ದ ವಿಭೂತಿಯ ಸಮೇತ ಬಂದು ನಿಂತಳು. ಮಿಷನ್ನು "ನಮಸ್ಕಾರ ಶಾಂತಕುಮಾರಿಯವರೇ" ಎಂದಿತು. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಮತ್ತೆ ನಿಂತಳು. "ಕ್ಷಮಿಸಿ, ನಿಮ್ಮ ಪರಿಚಯವಿಲ್ಲ." ಅವಳು ಗಂಡನ ಕಡೆ ತಿರುಗಿದಳು.

"ನೋಡ್ರಿ, ಹಬ್ಬದಲ್ಲಿ ಇದರ ಯಾವ ಜಾಗಕ್ಕೆ ವಿಭೂತಿ ಬಳಿದಿದ್ರಿ?"

"ಹಣೆಗೆ."

"ಅದು ಹಣೆ ಅಲ್ಲ, ಕಣ್ಣು."

ಚಂದ್ರಯ್ಯ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಕಂಪನಿಗೆ ಗೊತ್ತಾದರೆ ಮಿಷನ್ ಕೆಡಿಸಿದ್ದು ತಾನೇ ಎನ್ನುತ್ತಾರೆ, ಊರಿಗೆ ಗೊತ್ತಾದರೆ ತರಬೇತಿಯ ಮಾನ ಹರಾಜು. ಬಾಗಿಲು ಮುಚ್ಚಿ ಗಾಜಿಗೆ ಇನ್ನೊಮ್ಮೆ ಮೂರು ಪಟ್ಟೆ ಎಳೆದು ನೋಡಿದ. ಮೊದಲಿನ ಪಟ್ಟೆಯ ಜಾಗ ಸಿಗದೆ ಮಿಷನ್ನು ಅವನನ್ನೂ ಗುರುತಿಸಲಿಲ್ಲ. ಹೆದರಿ ತಾನೇ ಒರೆಸಿದ. ಹೊಸದಾಗಿ ಮುಖ ಸೇರಿಸುವ ಅಧಿಕಾರ ಕಂಪನಿಯವರಿಗೆ ಮಾತ್ರ. ಡೈರಿ ಉಳಿಯಬೇಕಾದರೆ ಉಳಿದದ್ದು ಒಂದೇ ದಾರಿ.

ಸಂಜೆ ಮಿಷನ್ನಿನ ಪಕ್ಕ ಒಂದು ಬಟ್ಟಲು ವಿಭೂತಿ ಇಟ್ಟು, ಜನ ಸೇರಿದ ಮೇಲೆ ಗಂಟಲು ಸರಿಪಡಿಸಿಕೊಂಡ. "ಕಂಪನಿಯಿಂದ ಅಪ್‌ಡೇಟ್ ಬಂದದೆ. ಎಲ್ಲಾರೂ ಹಣೆಗೆ ಮೂರು ಪಟ್ಟೆ ಹಚ್ಕೊಂಡು ನಿಲ್ಲಬೇಕು."

"ನಮ್ದು ನಾಮದ ಮನೆ ಕಣಯ್ಯಾ!" ಕೆಂಪಣ್ಣ ಎಗರಿದ. "ನಮ್ಮಪ್ಪ ತಾತ ಯಾರೂ ಅಡ್ಡ ಬಳ್ಕಂಡೋರಲ್ಲ. ಆ ಕಂಪನಿಗೆ ಉದ್ದಕ್ಕೆ ಇಟ್ರೆ ಏನ್ ರೋಗ?"

"ಉದ್ದಂದು ಮುಂದಿನ ಅಪ್‌ಡೇಟಲ್ಲಿ ಬತ್ತದೆ," ಎಂದ ಚಂದ್ರಯ್ಯ.

ಕೆಂಪಣ್ಣ ಗೊಣಗಿದರೂ ಹಾಲು ಕೆಡುತ್ತದಲ್ಲ. ಅಡ್ಡ ಬಳಿದುಕೊಂಡು ಹಾಲು ಹಾಕಿದ, ಬಾಗಿಲಾಚೆ ಬಂದು ಒರೆಸಿಕೊಂಡು ಜೇಬಿನಿಂದ ನಾಮದ ಪೆಟ್ಟಿಗೆ ತೆಗೆದು ಉದ್ದಕ್ಕೆ ಎಳೆದುಕೊಂಡು ಮನೆಗೆ ಹೋದ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇದೇ ಆಯಿತು. ಊರು ಹೇಗೋ ಒಗ್ಗಿಕೊಂಡಿತು. ಒಗ್ಗದೆ ಉಳಿದವಳು ಜಯಲಕ್ಷ್ಮಮ್ಮ ಒಬ್ಬಳೇ.

"ದ್ಯಾವ್ರಿಗೆ ಬೇಕಾದ್ರೆ ಇಟ್ಕತೀನಿ. ಮಿಷನ್ಗೆ ಇಟ್ಕಳಕಿಲ್ಲ," ಎಂದಳು. "ನನ್ ಮುಖ ಎಂಗದೋ ಅಂಗೇ ನೋಡ್ಲಿ. ಇಲ್ದಿದ್ರೆ ಕಣ್ ಮುಚ್ಕಳ್ಲಿ."

ಚಂದ್ರಯ್ಯ ಕೈ ಮುಗಿದ, ಗದರಿದ, ಶಾಂತಕುಮಾರಿಯಿಂದ ಹೇಳಿಸಿದ. ಮುದುಕಿ ಜಗ್ಗಲಿಲ್ಲ. ಹಾಲು ವಾಪಸು ಕಳಿಸಲು ಅವನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ದಿನಾ ಅವಳು ಪಕ್ಕದ ಜಗಲಿಯಿಂದ ಎದ್ದು ಬರುವಷ್ಟರಲ್ಲಿ ತಾನೇ ಮಿಷನ್ನಿನ ಮುಂದೆ ಮುಖ ಚಾಚಿ, ಅವಳ ಹಾಲನ್ನೂ ತನ್ನ ಹಸುವಿನ ಹಾಲಿನ ಜೊತೆ ತನ್ನ ಹೆಸರಿಗೆ ಹಾಕಿಸಿಕೊಂಡು, ಬಂದ ಹಣವನ್ನು ಅವಳ ಕೈಗೇ ಕೊಡುತ್ತಿದ್ದ. ಅವಳಿಗೆ ಇದು ಗೊತ್ತಿರಲಿಲ್ಲ. ಮಿಷನ್ನು ಸೋತು ತನ್ನನ್ನು ಒಪ್ಪಿಕೊಂಡಿದೆ ಎಂದೇ ತಿಳಿದಿದ್ದಳು.

ಇತ್ತ ಬೆಂಗಳೂರಿನಲ್ಲಿ ಕಂಪನಿಯವರು ಬಿಲ್ಲೇಕೊಪ್ಪಲಿನ ಲೆಕ್ಕ ನೋಡಿ ಕುಣಿದಾಡಿದರು. ಬೇರೆ ಊರುಗಳಲ್ಲಿ ಮಿಷನ್ನು ಬಿಸಿಲಿಗೊಂದು ಮುಖ ಮೋಡಕ್ಕೊಂದು ಮುಖ ತೋರಿಸುತ್ತಿತ್ತು. ಇಲ್ಲಿ ಒಂದೂ ತಪ್ಪಿಲ್ಲ. ಅದರ ಮೇಲೆ ಚಂದ್ರಯ್ಯನ ಒಂದೇ ಹಸು ಎರಡು ಹಸುವಿನ ಹಾಲು ಕೊಡುತ್ತಿದೆ! ಮಾದರಿ ಡೈರಿ, ಮಾದರಿ ಹೈನುಗಾರ ಎರಡೂ ಒಂದೇ ಊರಿನಲ್ಲಿ ಸಿಕ್ಕಿದ್ದಕ್ಕೆ ಸನ್ಮಾನದ ದಿನ ಗೊತ್ತು ಮಾಡಿದರು.

ಆ ದಿನ ಬೆಳಿಗ್ಗೆ ಕಾರು ಬಂತು. ರಜನೀಶ್ ಇಳಿದ, ಶಾಂತರಾಜು ಸಾಹೇಬರು ಇಳಿದರು, ಹಿಂದಿನಿಂದ ಬ್ಯಾನರು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಇಳಿದವು, ಕೊನೆಗೆ ಒಬ್ಬ ಫೋಟೋಗ್ರಾಫರ್ ಇಳಿದ. ಊರವರೆಲ್ಲ ಹಣೆಗೆ ಮೂರು ಪಟ್ಟೆ ಬಳಿದುಕೊಂಡು ಸಾಲಾಗಿ ನಿಂತಿದ್ದರು.

"ಏನ್ ಸರ್, ಇವತ್ತು ಏನಾದ್ರೂ ವಿಶೇಷಾನಾ?" ರಜನೀಶ್ ಕೇಳಿದ.

"ನಮ್ಮೂರಲ್ಲಿ ಭಕ್ತಿ ಜಾಸ್ತಿ ಸಾ," ಎಂದ ಕೆಂಪಣ್ಣ ಹಲ್ಲು ಕಡಿಯುತ್ತ.

ಚಂದ್ರಯ್ಯನ ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು. ಪೇಟ ಸ್ವಲ್ಪ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ರಜನೀಶ್ ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು ಭಾಷಣ ಮಾಡಿದ. ಈ ಊರಿನ ಡೈರಿಗೆ ಯಾವ ಭಯವೂ ಇಲ್ಲ, ಇದನ್ನು ಯಾರೂ ಮುಚ್ಚುವುದಿಲ್ಲ ಎಂದು ಶಾಂತರಾಜು ಸಾಹೇಬರೂ ಹೇಳಿದರು. ಚಪ್ಪಾಳೆ ಬಿತ್ತು. ಚಂದ್ರಯ್ಯನ ಕಣ್ಣು ತುಂಬಿ ಬಂತು. ಅಷ್ಟಕ್ಕೇ ನಿಂತಿದ್ದರೆ ಕತೆಯೂ ಅಲ್ಲೇ ನಿಲ್ಲುತ್ತಿತ್ತು.

"ಇನ್ನೊಂದು ಚಿಕ್ಕ ಕೆಲಸ ಇದೆ ಸರ್," ಎಂದ ರಜನೀಶ್. "ಜಯಲಕ್ಷ್ಮಮ್ಮ ಅಂತ ಒಬ್ರು ದೀಪಾವಳಿಯಿಂದ ಹಾಲೇ ಹಾಕಿಲ್ಲ. ಸಿಸ್ಟಮ್ ಅವರನ್ನ ನಿಷ್ಕ್ರಿಯ ಅಂತ ತೋರಿಸ್ತಿದೆ. ಹೆಸರು ತೆಗೆದುಬಿಡೋಣವಾ?"

ಜಯಲಕ್ಷ್ಮಮ್ಮ ಆಗಷ್ಟೇ ಹಾಲಿನ ಕ್ಯಾನು ಹಿಡಿದು ಬಾಗಿಲಿಗೆ ಬಂದಿದ್ದಳು. ಹಣೆಯಲ್ಲಿ ಏನೂ ಇರಲಿಲ್ಲ. ಅವಳು ಕ್ಯಾನನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾರ ಎಸ್ರು ತಗೀತೀಯಪ್ಪ?"

ರಜನೀಶ್ ಅವಳನ್ನು ಮರ್ಯಾದೆಯಿಂದಲೇ ಮಿಷನ್ನಿನ ಮುಂದೆ ನಿಲ್ಲಿಸಿದ. "ಕ್ಷಮಿಸಿ, ನಿಮ್ಮ ಪರಿಚಯವಿಲ್ಲ," ಎಂದಿತು ಅದು, ಅಷ್ಟು ಜನರ ಮುಂದೆ.

"ಸಿಸ್ಟಮಲ್ಲಿ ಇಲ್ಲ ಅಜ್ಜಿ. ನೀವು ಹಾಲು ಹಾಕ್ತಾನೇ ಇಲ್ವಲ್ಲ."

"ಆಕ್ತಾನೇ ಇಲ್ವಾ?" ಮುದುಕಿ ಚಂದ್ರಯ್ಯನ ಕಡೆ ತಿರುಗಿದಳು. ದನಿ ಏರಲಿಲ್ಲ. "ಲೋ ಚಂದ್ರಯ್ಯ, ಅಂಗಾರೆ ನಾನು ದಿನಾ ತಂದು ಸುರೀತಿದ್ದದ್ದು ಎಲ್ಗೋಯ್ತು?"

ಸುರಿದದ್ದು ಚಂದ್ರಯ್ಯನ ತಲೆಯ ಮೇಲೆ ಪೇಟವಾಗಿ ಕೂತಿತ್ತು. ಊರೆಲ್ಲ ಅವನನ್ನೇ ನೋಡಿತು. ಬಾಯಿ ಮುಚ್ಚಿಕೊಂಡಿದ್ದರೆ ಡೈರಿ ಉಳಿಯುತ್ತದೆ, ಶಾಲು ಉಳಿಯುತ್ತದೆ, ಒಬ್ಬ ಮುದುಕಿಯ ಹೆಸರು ಮಾತ್ರ ಹೋಗುತ್ತದೆ. ಶಾಂತಕುಮಾರಿ ಗುಂಪಿನಲ್ಲಿ ನಿಂತು ಗಂಡನ ಮುಖವನ್ನೇ ದಿಟ್ಟಿಸುತ್ತಿದ್ದಳು. ಚಂದ್ರಯ್ಯನಿಗೆ ತಡೆಯಲಾರದಷ್ಟು ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಪೇಟ ತೆಗೆದು ಹಾಲಿನ ಕ್ಯಾನಿನ ಮೇಲಿಟ್ಟ. ಕ್ಯಾನು ಒರೆಸುವ ಒದ್ದೆ ಬಟ್ಟೆ ತಗೊಂಡು, ಬುದ್ಧಿ ಬಂದಾಗಿನಿಂದ ಹೊಸಿಲಾಚೆ ಯಾರೂ ಬರಿದಾಗಿ ನೋಡಿರದ ತನ್ನ ಹಣೆಯನ್ನು ಗಸಗಸ ಒರೆಸಿಕೊಂಡು ಮಿಷನ್ನಿನ ಮುಂದೆ ನಿಂತ.

"ಕ್ಷಮಿಸಿ, ನಿಮ್ಮ ಪರಿಚಯವಿಲ್ಲ."

"ಕೇಳಿಸ್ಕೊಂಡ್ರಾ ಸಾ? ನಾನೂ ಇಲ್ಲ!" ಚಂದ್ರಯ್ಯ ಗುಡುಗಿದ. "ನಿಮ್ಮ ಮಾದರಿ ಹೈನುಗಾರ ಇಲ್ಲ! ಆ ಗಾಜಿನ ಮೇಲೆ ವಿಭೂತಿ ಬಳಿದೋನು ನಾನೇ, ಹೌದು, ನನಗೆ ಬುದ್ಧಿ ಇರ್ಲಿಲ್ಲ. ಪಟ್ಟೆ ಮೇಲೇ ಇವರ ಮುಖಾನೆಲ್ಲ ಹಿಡಿದೋರು ನೀವು. ಅಡ್ಜಸ್ಟ್ ಮಾಡ್ಕೊಳ್ತದೆ ಅಂದ್ರಿ. ಅದೇನ್ ಮಾಡ್ಕೊಳ್ನಿಲ್ಲ, ನಾವೇ ಮಾಡ್ಕೊಂಡ್ವಿ! ಇಡೀ ಊರು ಆ ಡಬ್ಬಿಗೋಸ್ಕರ ಮುಖ ಬದಲಾಯಿಸ್ಕೊಂಡ್ವಿ. ಮಾಡ್ಕೊಳ್ದೇ ಇದ್ದೋಳು ಈಯಮ್ಮ ಒಬ್ಳೇ, ಅವಳ ಹೆಸರು ತೆಗೀತೀರಾ? ಅವಳ ಹಾಲು ನನ್ನ ಲೆಕ್ಕದಲ್ಲದೆ. ಈ ಶಾಲು ಅವಳದು!"

ಶಾಲು ತೆಗೆದು ಜಯಲಕ್ಷ್ಮಮ್ಮನ ಹೆಗಲಿಗೆ ಹಾಕಿದ. ಅವಳು "ಥೂ, ಸೆಕೆ ಕಣ್ಲಾ," ಎಂದಳು, ಆದರೆ ತೆಗೆಯಲಿಲ್ಲ.

"ಚಂದ್ರಯ್ಯನವರೇ, ಯೋಚನೆ ಮಾಡಿ ಮಾತಾಡಿ," ಎಂದರು ಶಾಂತರಾಜು. "ಮಿಷನ್ ಹಾಜರಿ ಇಲ್ಲದಿದ್ರೆ ಡೈರಿ..."

ಅವರ ಮಾತು ಮುಗಿಯಲು ಕೆಂಪಣ್ಣ ಬಿಡಲಿಲ್ಲ. ಒದ್ದೆ ಬಟ್ಟೆ ಕಿತ್ತುಕೊಂಡು ಹಣೆ ಒರೆಸಿಕೊಂಡ, ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ ಒರೆಸಿಕೊಂಡ. "ಮುಚ್ಚಿ ನೋಡಿ ಸಾ! ಬಾಗ್ಲಿಗೆ ಅಡ್ಡ ಮನೀಕಂತೀನಿ. ಅಡ್ಡ ಬಳ್ಕಳದು ಎಂಗೂ ಕಲ್ಸವ್ರೆ, ಅಡ್ಡ ಮನೀಕಳದು ಏನ್ ಮಹಾ?" ಎಂದ. ಬಟ್ಟೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೇ ಬಂದು ಬರಿಯ ಹಣೆಯಲ್ಲಿ ಮಿಷನ್ನಿನ ಮುಂದೆ ನಿಂತು ಪರಿಚಯವಿಲ್ಲ ಎನ್ನಿಸಿಕೊಂಡು ಬೇಕೆಂದೇ ದೊಡ್ಡ ದನಿಯಲ್ಲಿ ತಮ್ಮ ಹೆಸರು ಹೇಳಿ ಹೋದರು. ಫೋಟೋಗ್ರಾಫರ್ ಎಲ್ಲವನ್ನೂ ಹಿಡಿದ. ಅವನಿಗೆ ಯಾರೂ ಬೇಡ ಎಂದು ಹೇಳಿರಲಿಲ್ಲ.

ಹೊರಗೆ ಹಾಲಿನ ಲಾರಿ ಹಾರ್ನ್ ಮಾಡಿತು. "ಹಾಕಮ್ಮ ಜಯಕ್ಕ," ಎಂದು ಚಂದ್ರಯ್ಯ ಅಳತೆಯ ಪಾತ್ರೆ ಮುಂದೆ ಹಿಡಿದ. ಶಾಂತರಾಜು ಸಾಹೇಬರು ಸುತ್ತ ನೋಡಿದರು, ಫೋಟೋಗ್ರಾಫರನ ಕಡೆ ನೋಡಿದರು. ಕರ್ಚೀಫಿನಿಂದ ಬೆವರು ಒರೆಸಿಕೊಳ್ಳಲು ಹೋಗಿ ಯಾಕೋ ಅದನ್ನು ಹಾಗೇ ಜೇಬಿಗೆ ಹಾಕಿಕೊಂಡರು. "ಸದ್ಯಕ್ಕೆ ಕೈಯಲ್ಲೇ ಬರ್ಕೊಳ್ಳಿ," ಎಂದರು. ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ.

ರಜನೀಶ್ ಮೆಲ್ಲಗೆ ಹೊರಗೆ ಬಂದು ರಸ್ತೆ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಟ್ಯಾಬ್ ತೊಡೆಯ ಮೇಲಿತ್ತು, ಕಂಪನಿಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು, ಅವನು ಎತ್ತುತ್ತಿರಲಿಲ್ಲ. "ಒಂದು ಟೀ ಕೊಡಿ," ಎಂದ.

ಸಿದ್ದೇಶ ಅವನ ಮುಂದೆ ಬಂದು ಬಗ್ಗಿ, ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, ಹೆಣ್ಣು ದನಿ ಮಾಡಿದ. "ಕ್ಷಮಿಸಿ, ನಿಮ್ಮ ಪರಿಚಯವಿಲ್ಲ."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಕೆಂಪಣ್ಣ ತೊಡೆ ತಟ್ಟಿಕೊಂಡು ನಕ್ಕ. ರಜನೀಶ್ ತಲೆ ತಗ್ಗಿಸಿದ.

ಖಾಲಿ ಕ್ಯಾನು ಹಿಡಿದು ಶಾಲು ಹೊದ್ದುಕೊಂಡು ಬರುತ್ತಿದ್ದ ಜಯಲಕ್ಷ್ಮಮ್ಮ ಅಂಗಡಿಯ ಜಗಲಿಯಲ್ಲಿ ಮಂಡಿ ಹಿಡಿದು ಕೂತಳು. ರಜನೀಶನನ್ನು ಒಂದು ಸಲ ನೋಡಿದಳು.

"ಥೂ, ಸುಮ್ಕಿರ್ಲಾ ಸಿದ್ದೇಶ," ಎಂದಳು. "ಬೆಳಗಿಂದ ಒಟ್ಟೆಗೇನೂ ಬಿದ್ದಿಲ್ಲ ಈ ಮಗೀಗೆ. ಮುಖದಾಗೇ ಕಾಣಕಿಲ್ವಾ? ಎರಡು ಬನ್ನೂ ಕೊಡು."